ಚಪ್ಪಲಿ ಹೊರಗೆ ಬಿಟ್ಟು, ಕೇಳಿ ಒಳಗೆ ಬಾ

ಜುಲೈ ತಿಂಗಳ ಒಂದು ಭಾನುವಾರ ಶಿವಮೊಗ್ಗದಲ್ಲಿ, ಮಕ್ಕಳನ್ನು ಡ್ಯಾನ್ಸ್ ಕ್ಲಾಸಿಗೆ ಕಳಿಸುವ ಅಪ್ಪ ಅಮ್ಮಂದಿರ ಮುಂದೆ ಆಡಿದ ಮಾತು ಇದು. ಬರೆದು ಕೊಡಿ ಅಂತ ಕೆಲವರು ಕೇಳಿದರು. ಮಾತಾಡಿದ ಹಾಗೇ ಬರೆದಿದ್ದೇನೆ, ಮಧ್ಯೆ ಮರೆತದ್ದನ್ನು ಸೇರಿಸಿದ್ದೇನೆ.

ನಮಸ್ಕಾರ. ಪುನರ್ವಸು ಮಳೆ ಹೀಗೆ ಹಿಡಿದಿರುವಾಗ ಭಾನುವಾರದ ನಿದ್ದೆ ಬಿಟ್ಟು ಇಷ್ಟು ಜನ ಬಂದಿದ್ದೀರಿ, ಸಂತೋಷ. ಬಾಗಿಲ ಹತ್ತಿರ ನೋಡಿದೆ, ಅರ್ಧಕ್ಕರ್ಧ ಹವಾಯಿ ಚಪ್ಪಲಿ. ನಮಗೆ ಹವಾಯಿ ಅಂದರೆ ಮೊದಲು ನೆನಪಾಗುವುದು ಅದೇ, ಅಲ್ವಾ? ನೀಲಿ ಪಟ್ಟಿಯದು, ಬಚ್ಚಲಿಗೆ ಒಂದು ಜೊತೆ, ತೋಟಕ್ಕೆ ಒಂದು ಜೊತೆ. ಹವಾಯಿ ದ್ವೀಪಗಳಲ್ಲಿ ಅದಕ್ಕೆ ಸುಮ್ನೆ ಸ್ಲಿಪ್ಪರ್ ಅಂತಾರೆ. ನಮ್ಮ ಹಾಗೇ ಬಾಗಿಲಲ್ಲಿ ಬಿಟ್ಟು ಒಳಗೆ ಹೋಗ್ತಾರೆ. ನಾನು ಇವತ್ತು ಹೇಳಬೇಕಾದ ಮಕ್ಕಳ ಹುಲಾ, ಅಂದರೆ ಹವಾಯಿಯ ಹಾಡು ಕುಣಿತದ ತರಗತಿಯೂ ಅಲ್ಲಿಂದಲೇ ಶುರು, ಬಾಗಿಲಾಚೆ ಸಾಲಾಗಿ ಬಿಟ್ಟ ಪುಟ್ಟ ಪುಟ್ಟ ಚಪ್ಪಲಿಗಳಿಂದ.

ಮೊದಲೇ ಹೇಳಿಬಿಡುತ್ತೇನೆ, ನಾನು ನೃತ್ಯ ಕಲಿತವಳಲ್ಲ. ತೀರ್ಥಹಳ್ಳಿ ಕಡೆಯವಳು, ಚಿಕ್ಕವಳಿದ್ದಾಗ ಯಕ್ಷಗಾನದ ಆಟ ನೋಡುತ್ತಾ ಬಯಲಲ್ಲಿ ನಿದ್ದೆ ಮಾಡಿದ್ದೇ ನನ್ನ ಕಲಾನುಭವ. ಗಂಡನ ಕೆಲಸದ ದೆಸೆಯಿಂದ ಹವಾಯಿಯ ರಾಜಧಾನಿ ಹೊನೊಲುಲುವಿನ ಮಾನೋವ ಕಣಿವೆಗೆ ಹೋಗಿ ಬಿದ್ದೆವು. ಅಲ್ಲಿ ಐದು ವರ್ಷ ಮಗಳನ್ನು ಹುಲಾ ತರಗತಿಗೆ ಕರೆದುಕೊಂಡು ಹೋಗಿ, ಹೊರಗೆ ಕಾದು, ಎಲೆ ಹೆಣೆದು, ಅನ್ನ ಬೇಯಿಸಿ, ಕಿವಿಗೆ ಬಿದ್ದಷ್ಟು ಕಲಿತೆ. ಅಮ್ಮನಾಗಿ ನೋಡಿದ್ದನ್ನು ಹೇಳುತ್ತಿದ್ದೇನೆ, ಗುರುವಾಗಿ ಅಲ್ಲ.

ನಾವು ಮೊದಲು ಕ್ಯಾಲಿಫೋರ್ನಿಯಾದಲ್ಲಿದ್ದೆವು. ಮಗಳಿಗೆ ಆಗ ಆರು ವರ್ಷ. ಮನೆ ಹತ್ತಿರದ ಒಂದು ಕಡೆ ಪಾಲಿನೇಷ್ಯನ್ ಡ್ಯಾನ್ಸ್ ಅಂತ ಬೋರ್ಡು ಇತ್ತು, ಸೇರಿಸಿದೆವು. ಆರು ವಾರಕ್ಕೆ ಮೂರು ಹಾಡು. ಮಿರಮಿರ ಮಿಂಚುವ ಪ್ಲಾಸ್ಟಿಕ್ ಲಂಗ, ತಲೆಗೆ ಬಟ್ಟೆಯ ಹೂವು, ಕೊನೆಯ ದಿನ ಫೋಟೊ. ಮಗಳಿಗೆ ಖುಷಿಯೇ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅಲ್ಲಿ ಹುಲಾ ಅಂತ ಕಲಿಸಿದ್ದು ಹುಲಾನೇ ಅಲ್ಲ, ತಾಹಿತಿಯ ಕುಣಿತ ಅಂತ ನನಗೆ ಗೊತ್ತಾಗಿದ್ದು ಎರಡು ವರ್ಷ ಆದ ಮೇಲೆ. ಯಕ್ಷಗಾನ ಅಂತ ಬೋರ್ಡು ಹಾಕಿ ಕೋಲಾಟ ಕಲಿಸಿದ ಹಾಗೆ. ಕೋಲಾಟ ಕೀಳು ಅಂತಲ್ಲ, ಹೆಸರು ಸರಿ ಹೇಳಬೇಕಲ್ವಾ? ಹೇಳದಿದ್ದರೆ ಎರಡಕ್ಕೂ ಅನ್ಯಾಯ.

ಈ ಪಾಲಿನೇಷ್ಯ ಅನ್ನುವುದು ಒಂದು ದೇಶ ಅಲ್ಲ. ಪೆಸಿಫಿಕ್ ಸಾಗರದಲ್ಲಿ ಒಂದು ದೊಡ್ಡ ತ್ರಿಕೋನ ಎಳೆಯಿರಿ. ಮೇಲಿನ ತುದಿಗೆ ಹವಾಯಿ, ಕೆಳಗೆ ಎಡಕ್ಕೆ ನ್ಯೂಜಿಲೆಂಡ್, ಬಲಕ್ಕೆ ದೂರದಲ್ಲಿ ರಾಪಾ ನುಯಿ, ಅಂದರೆ ಆ ದೊಡ್ಡ ಕಲ್ಲುಮುಖಗಳ ಈಸ್ಟರ್ ದ್ವೀಪ. ಒಳಗೆ ತಾಹಿತಿ, ಸಮೋವಾ, ಟೊಂಗಾ. ಮೂಲ ಒಂದೇ, ಭಾಷೆಗಳು ಅಕ್ಕತಂಗಿಯರು, ಆದರೆ ಕುಣಿತ ಬೇರೆ ಬೇರೆ. ತಾಹಿತಿಯ ಓತೆಆ ಕುಣಿತದಲ್ಲಿ ತೋಎರೆ ಅನ್ನುವ ಸೀಳು ಬಿಟ್ಟ ಮರದ ಕೊರಡನ್ನು ಪಟಪಟ ಬಡಿಯುತ್ತಾರೆ, ಆ ವೇಗಕ್ಕೆ ಸೊಂಟ ಆಡುತ್ತದೆ. 1881ರಲ್ಲಿ ಫ್ರೆಂಚರ ಕಾಲದಲ್ಲಿ ಶುರುವಾದ ಜುಲೈ ಹಬ್ಬ ಈಗ ಹೇಯ್ವಾ ಅನ್ನುವ ಹೆಸರಲ್ಲಿ ನಡೆಯುತ್ತದೆ, ಆ ಕುಣಿತಕ್ಕೆ ಅದೇ ದೊಡ್ಡ ಮೇಳ. ನ್ಯೂಜಿಲೆಂಡಿನ ಮಾವೊರಿ ಮಕ್ಕಳು ದಾರದ ತುದಿಗೆ ಚೆಂಡು ಕಟ್ಟಿದ ಪೊಯಿ ತಿರುಗಿಸುತ್ತಾರೆ, ಹಾಕಾ ಅನ್ನುವ ಕುಣಿತದಲ್ಲಿ ಒಟ್ಟಿಗೆ ಕೂಗುತ್ತಾರೆ. ಸಮೋವಾದ ಗಂಡುಮಕ್ಕಳು ಅಂಗೈಯಿಂದ ಮೈಗೇ ಬಡಿದುಕೊಂಡು ತಾಳ ಹಾಕುತ್ತಾರೆ, ದೊಡ್ಡವರಾದರೆ ಬೆಂಕಿ ಹಚ್ಚಿದ ಕತ್ತಿ ತಿರುಗಿಸುತ್ತಾರೆ. ಇವೆಲ್ಲ ಒಂದೇ ಗಂಟೆಯ ಪಾಠದಲ್ಲಿ ಹಿಡಿಸುವ ವಸ್ತು ಅಲ್ಲ. ನಾನು ಹೇಳುವುದು ಹುಲಾ ಮಾತ್ರ, ನನಗೆ ಅಷ್ಟೇ ಗೊತ್ತು.

ಹೊನೊಲುಲುಗೆ ಬಂದ ಮೇಲೆ ಪಕ್ಕದ ಮನೆಯವರು ಅವರ ಮೊಮ್ಮಕ್ಕಳು ಹೋಗುವ ಹಾಲೌಗೆ ಕರೆದುಕೊಂಡು ಹೋದರು. ಹಾಲೌ ಅಂದರೆ ಉದ್ದನೆಯ ಚಪ್ಪರದಂಥ ಮನೆ. ಹಿಂದೆ ದೋಣಿ ಇಡುವ ಮನೆಗೂ ಅದೇ ಹೆಸರು, ಹುಲಾ ಕಲಿಯುವ ಮನೆಗೂ ಅದೇ ಹೆಸರು. ಗುರುವಿಗೆ ಕುಮು ಅಂತಾರೆ. ಆ ಮಾತಿಗೆ ಮರದ ಬುಡ ಅನ್ನುವ ಅರ್ಥವೂ ಇದೆ, ಮೂಲ ಅನ್ನುವ ಅರ್ಥವೂ ಇದೆ. ಮಕ್ಕಳಿಗೆ ಕೇಕಿ. ನಾನು ಮೊದಲ ದಿನವೇ ಜಾಣತನ ಮಾಡಲು ಹೋಗಿ ವೈಕೀಕಿ ಕಡಲತೀರದ ಪ್ರವಾಸಿ ಅಂಗಡಿಯಿಂದ ಮಗಳಿಗೆ ಒಂದು ಹುಲ್ಲಿನ ಲಂಗ ಕೊಂಡು ತೊಡಿಸಿ ಕರೆದೊಯ್ದಿದ್ದೆ, ಜೊತೆಗೆ ಪ್ಲಾಸ್ಟಿಕ್ ಹೂವಿನ ಹಾರ. ಕುಮು ನೋಡಿದರು. ಅರವತ್ತು ದಾಟಿದ ಹೆಂಗಸು, ನಮ್ಮ ಊರಲ್ಲಾಗಿದ್ದರೆ ದೊಡ್ಡಮ್ಮ ಅನ್ನುತ್ತಿದ್ದೆ. ಬೈಯಲಿಲ್ಲ. ಮಗಳ ಮುಂದೆ ಕೂತು, ಇದು ತುಂಬಾ ಚುಚ್ಚುತ್ತಲ್ವಾ ಪುಟ್ಟಾ, ತೆಗೆದುಬಿಡೋಣ ಅಂದರು. ಒಳಗಿಂದ ಹತ್ತಿ ಬಟ್ಟೆಯ ಒಂದು ಲಂಗ ತಂದು ಉಡಿಸಿದರು. ಆ ಹುಲ್ಲಿನ ಲಂಗ ಹವಾಯಿಯದೇ ಅಲ್ಲ ಅಂತ ಆಮೇಲೆ ತಿಳಿಯಿತು. 19ನೇ ಶತಮಾನದ ಕೊನೆಯ ಹೊತ್ತಿಗೆ ಗಿಲ್ಬರ್ಟ್ ದ್ವೀಪಗಳಿಂದ ಕೂಲಿಗೆ ಬಂದವರ ಜೊತೆ ಬಂದದ್ದಂತೆ. ಹವಾಯಿಯವರು ಮರದ ತೊಗಟೆಯನ್ನು ಬಡಿದು ಮಾಡಿದ ಬಟ್ಟೆ ಉಡುತ್ತಿದ್ದರು, ಇಲ್ಲವೇ ಎಲೆ. ಫೋಟೊ, ಪೋಸ್ಟ್ ಕಾರ್ಡ್, ಸಿನಿಮಾ ಸೇರಿ ಹುಲ್ಲಿನ ಲಂಗವನ್ನೇ ಹುಲಾ ಮಾಡಿಬಿಟ್ಟವು. ಆವತ್ತು ನನಗಾದ ನಾಚಿಕೆ ಇನ್ನೂ ಹೋಗಿಲ್ಲ.

ಈಗ ಬಾಗಿಲ ಕಥೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹಾಲೌ ಒಳಗೆ ಮಕ್ಕಳು ಸುಮ್ಮನೆ ನುಗ್ಗುವ ಹಾಗಿಲ್ಲ. ಬಾಗಿಲಾಚೆ ಸಾಲಾಗಿ ನಿಂತು ಒಳಗೆ ಬರಲು ಅಪ್ಪಣೆ ಕೇಳಿ ಹಾಡಬೇಕು. ಹಾಡು ಅಂದರೆ ರಾಗ ಗೀಗ ಜಾಸ್ತಿ ಇಲ್ಲ, ನಮ್ಮಲ್ಲಿ ಮಂತ್ರ ಹೇಳಿದ ಹಾಗೆ, ಉಸಿರು ಹಿಡಿದು ಎದೆಯಿಂದ ದನಿ ತೆಗೆಯುವುದು. ಅದಕ್ಕೆ ಓಲಿ ಅಂತಾರೆ. ಒಳಗೆ ಕುಮು ಕೂತು ಕೇಳುತ್ತಾರೆ. ಸರಿ ಅನ್ನಿಸಿದರೆ ಅವರೂ ಒಂದು ಓಲಿಯಿಂದ ಉತ್ತರ ಕೊಡುತ್ತಾರೆ, ಆಗ ಒಳಗೆ ಹೋಗಬಹುದು. ಸರಿ ಅನ್ನಿಸದಿದ್ದರೆ ಉತ್ತರವೇ ಇಲ್ಲ. ಅಷ್ಟೇ. ತಪ್ಪು ಯಾವುದು ಅಂತಲೂ ಹೇಳುವುದಿಲ್ಲ.

ಒಂದು ಸಂಜೆ ಹನ್ನೆರಡು ಮಕ್ಕಳು, ಏಳರಿಂದ ಹತ್ತು ವರ್ಷದವು, ಸೋನೆ ಮಳೆಯಲ್ಲಿ ನಿಂತು ಹಾಡಿದವು. ಒಳಗಿಂದ ಸದ್ದಿಲ್ಲ. ಇನ್ನೊಂದು ಸಲ ಹಾಡಿದವು. ಸದ್ದಿಲ್ಲ. ನನಗೆ ಹೊಟ್ಟೆ ಉರಿಯಿತು. ನೆನೆದು ನೆಗಡಿಯಾದರೆ ಯಾರು ನೋಡುತ್ತಾರೆ, ಇದೇನು ಶಿಕ್ಷೆ ಅಂತ ಪಕ್ಕದ ಅಮ್ಮನ ಹತ್ತಿರ ಗೊಣಗಿದೆ. ಆಕೆ ಸುಮ್ಮನಿರು ಅಂತ ಕಣ್ಣಲ್ಲೇ ಹೇಳಿದಳು. ಮಕ್ಕಳು ತಮ್ಮತಮ್ಮಲ್ಲೇ ಏನೋ ಮಾತಾಡಿಕೊಂಡವು. ಒಬ್ಬ ಹುಡುಗ ಎಲ್ಲರಿಗಿಂತ ಮುಂದೆ ಓಡುತ್ತಿದ್ದನಂತೆ, ಒಬ್ಬಳು ಬಾಯಿ ಮಾತ್ರ ಆಡಿಸುತ್ತಿದ್ದಳಂತೆ. ಅದು ನನ್ನ ಮಗಳೇ. ಮೂರನೇ ಸಲ ಎಲ್ಲರೂ ಒಟ್ಟಿಗೆ ಉಸಿರು ತೆಗೆದುಕೊಂಡರು. ಆ ಉಸಿರಿನ ಸದ್ದು ನನಗೂ ಕೇಳಿಸಿತು. ಹಾಡು ಮುಗಿಯುವಷ್ಟರಲ್ಲಿ ಒಳಗಿಂದ ಕುಮು ದನಿ ಬಂತು.

ಅವು ಹಾಡಿದ್ದರ ಕಥೆ ಕೇಳಿ. ಜ್ವಾಲಾಮುಖಿಯ ದೇವತೆ ಪೆಲೆ ತನ್ನ ತಂಗಿ ಹಿಇಯಾಕಾಳನ್ನು ಒಂದು ಕೆಲಸದ ಮೇಲೆ ದೂರದ ಕೌವಾಯಿ ದ್ವೀಪಕ್ಕೆ ಕಳಿಸುತ್ತಾಳೆ. ದಾರಿಯಲ್ಲಿ ವೈಲುವಾ ಹೊಳೆ. ದಾಟುವ ಹಲಗೆಯನ್ನು ಯಾರೋ ಕಿತ್ತು ಅಡಗಿಸಿದ್ದಾರೆ. ಹಿಇಯಾಕಾ ದಡದಲ್ಲಿ ನಿಂತು ಹಾಡಿ ಕೇಳುತ್ತಾಳೆ, ಎದುರಿಗೆ ಕಡಿದಾದ ಬೆಟ್ಟ, ದಾರಿ ಮುಚ್ಚಿದೆ, ದನಿ ಅಡಗಿಸಿಕೊಂಡು ಕೂರಬೇಡ, ಮಾತಾಡು ಅಂತ. ಬಹಳ ಹಾಲೌಗಳಲ್ಲಿ ಮಕ್ಕಳು ಬಾಗಿಲಲ್ಲಿ ಹಾಡುವುದು ಇದನ್ನೇ. ಅಂದರೆ ಪ್ರತಿ ವಾರ ಆ ಪುಟ್ಟ ಮಕ್ಕಳು ಹೊಳೆ ದಡದಲ್ಲಿ ನಿಂತ ದೇವತೆಯ ಜಾಗದಲ್ಲಿ ನಿಲ್ಲುತ್ತವೆ. ಇದು ಗೊತ್ತಾದ ಮೇಲೆ ನಾನು ಮಳೆಯ ವಿಷಯ ಗೊಣಗುವುದು ಬಿಟ್ಟೆ. ಛತ್ರಿ ಮಾತ್ರ ತೆಗೆದುಕೊಂಡು ಹೋಗುತ್ತಿದ್ದೆ.

ಮೊದಲ ನಾಲ್ಕು ತಿಂಗಳು ಮಗಳು ಒಂದೂ ಪೂರ್ತಿ ಕುಣಿತ ಕಲಿಯಲಿಲ್ಲ. ಇದನ್ನು ನೀವು ನಂಬಬೇಕು. ಫೀಸು ಕೊಡುವ ನಮಗೆ ಎಲ್ಲಿ ಸ್ಟೇಜು ಅನ್ನುವ ಅವಸರ. ಅಲ್ಲಿ ಮೊದಲು ಮಾತು. ಹಾಡಿನ ಒಂದು ಸಾಲು, ಅದರ ಉಚ್ಚಾರ, ಅದರ ಅರ್ಥ, ಅದು ಹೇಳುವ ಜಾಗ ಎಲ್ಲಿದೆ, ಆ ಜಾಗದಲ್ಲಿ ಯಾವ ಗಾಳಿ, ಯಾವ ಮಳೆ. ಕೈ ಆಮೇಲೆ.

ಹವಾಯಿ ಭಾಷೆಗೆ 13 ಅಕ್ಷರ ಸಾಕು. ಸ್ವರ ಐದು, ವ್ಯಂಜನ ಎಂಟು, ಆ ಎಂಟರಲ್ಲಿ ಒಂದು ಗಂಟಲನ್ನು ಚಕ್ಕನೆ ಮುಚ್ಚಿ ಬಿಡುವ ಸದ್ದು. ನಮ್ಮ ಹಾಗೆ ಅವರಿಗೂ ಹ್ರಸ್ವ ದೀರ್ಘ ಇದೆ. ನಾವು ಕರು ಅನ್ನಲು ಹೋಗಿ ಕಾರು ಅಂದರೆ ಹೇಗೆ? ಹಾಗೇ. ಪೌ ಅಂದರೆ ಮುಗಿಯಿತು. ಪಾಊ ಅಂದರೆ ಲಂಗ. ಪಊ ಅಂದರೆ ಒದ್ದೆ. ಪಉ ಅಂದರೆ ಮಸಿ. ನಾನು ಒಂದು ದಿನ ಮಗಳ ಲಂಗ ಮರೆತು ಹೋಗಿದೆ ಅಂತ ಹೇಳಲು ಹೋಗಿ ಏನೇನೋ ಹೇಳಿ, ಏಳು ವರ್ಷದ ಮಕ್ಕಳೆಲ್ಲ ನೆಲಕ್ಕೆ ಬಿದ್ದು ನಕ್ಕವು. ಕನ್ನಡದ ಕಿವಿ ಇರುವುದರಿಂದ ನನ್ನ ಮಗಳಿಗೆ ದೀರ್ಘ ಬೇಗ ಹಿಡಿಯಿತು. ಇಂಗ್ಲಿಷ್ ಮಾತ್ರ ಗೊತ್ತಿದ್ದ ಮಕ್ಕಳಿಗೆ ಅದು ಕಷ್ಟ. ಮನೆಯಲ್ಲಿ ಕನ್ನಡ ಮಾತಾಡಿದ್ದಕ್ಕೆ ನನಗೆ ಸಿಕ್ಕ ಮೊದಲ ಬಹುಮಾನ ಅದು, ಅದೂ ಪೆಸಿಫಿಕ್ ಸಾಗರದ ಮಧ್ಯೆ.

ಮಳೆ ಅಂದೆನಲ್ಲ. ಅಲ್ಲಿ ಮಳೆಗೆ ಹೆಸರಿದೆ. ನಮ್ಮಲ್ಲಿಯೂ ಇದೆ, ಆದರೆ ನಾವು ನಕ್ಷತ್ರ ಹಿಡಿದು ಕರೆಯುತ್ತೇವೆ, ಆರಿದ್ರ, ಪುಷ್ಯ, ಮಘೆ ಅಂತ. ಅವರು ಜಾಗ ಹಿಡಿದು ಕರೆಯುತ್ತಾರೆ. ಹಿಲೋ ಊರಿನದು ಕಾನಿಲೆಹುವಾ. ನಾವಿದ್ದ ಮಾನೋವ ಕಣಿವೆಯದು ಟುವಾಹಿನೆ. ಹೀಗೆ ನೂರಕ್ಕೂ ಜಾಸ್ತಿ ಹೆಸರುಗಳು, ಹಾಡುಗಳಲ್ಲಿ ಬಂದು ಉಳಿದವು. ಹಾಡಿನಲ್ಲಿ ಮಳೆ ಬಂದರೆ ಮಕ್ಕಳು ಕೈ ಮೇಲೆತ್ತಿ ಬೆರಳು ಆಡಿಸುತ್ತಾ ಕೆಳಗೆ ತರುತ್ತವೆ. ನೋಡಲು ಸುಲಭ. ಆದರೆ ಕುಮು ನಿಲ್ಲಿಸಿ ಕೇಳುತ್ತಿದ್ದರು, ಇದು ಯಾವ ಮಳೆ? ಜೋರು ಮಳೆಯೋ, ಮಂಜಿನ ಹಾಗೆ ಇಳಿಯುವುದೋ? ನಿನ್ನ ಬೆರಳಿಗೆ ಗೊತ್ತಿಲ್ಲದಿದ್ದರೆ ನೋಡುವವರಿಗೆ ಹೇಗೆ ಗೊತ್ತಾಗಬೇಕು? ಇಷ್ಟಾದ ಮೇಲೆ, ಆ ಮಳೆ ಬರೀ ಮಳೆ ಅಲ್ಲದೆ ಪ್ರಿಯನೂ ಆಗಿರಬಹುದು, ಅದು ತೋಯಿಸುವ ಹೂವು ಹೆಣ್ಣಾಗಿರಬಹುದು. ಹಾಡಿನ ಒಳಗೆ ಹೀಗೆ ಅಡಗಿಸಿದ ಅರ್ಥಕ್ಕೆ ಕಾವೊನಾ ಅಂತಾರೆ. ಮಕ್ಕಳಿಗೆ ಅದನ್ನು ಎಷ್ಟು ಹೇಳಬೇಕೋ ಅಷ್ಟೇ ಹೇಳುತ್ತಾರೆ. ಬಾಕಿಯದು ಬೆಳೆದ ಮೇಲೆ ತಾನೇ ಹೊಳೆಯುತ್ತದೆ, ನಮಗೆ ಜನಪದ ಹಾಡುಗಳ ತುಂಟತನ ಮದುವೆಯಾದ ಮೇಲೆ ಹೊಳೆದ ಹಾಗೆ.

ಹಾಡಿನ ಕೊನೆಗೆ ಒಂದು ಸಾಲು ಬರುತ್ತದೆ, ಇದು ಇಂಥವರ ಹೆಸರಿನ ಹಾಡು ಅಂತ ಮಕ್ಕಳೆಲ್ಲ ಒಟ್ಟಿಗೆ ಕೂಗುತ್ತವೆ. ರಾಜನ ಹೆಸರಿರಬಹುದು, ದೇವತೆಯದಿರಬಹುದು. ನಮ್ಮ ಅಂಕಿತ ಬರೆದವರ ಗುರುತು ಹೇಳುತ್ತದೆ, ಅವರ ಈ ಸಾಲು ಹಾಡು ಯಾರಿಗಾಗಿ ಅಂತ ಹೇಳುತ್ತದೆ. ಆ ಹೆಸರು ಬಿಟ್ಟರೆ ಕುಣಿತ ಮುಗಿದ ಹಾಗೆಯೇ ಅಲ್ಲ.

ಇನ್ನು ಮೈ ವಿಷಯ. ಹುಲಾ ಅಂದರೆ ಸೊಂಟ ಅಂತ ಎಲ್ಲರೂ ಅಂದುಕೊಂಡಿರುತ್ತೇವೆ, ನಾನೂ ಅಂದುಕೊಂಡಿದ್ದೆ. ಕುಮು ಮಕ್ಕಳಿಗೆ ಸೊಂಟ ಆಡಿಸು ಅಂತ ಹೇಳಿದ್ದನ್ನು ನಾನು ಅಪರೂಪಕ್ಕೆ ಕೇಳಿದ್ದೇನೆ. ಅವರು ಹೇಳುವುದು, ಮೊಣಕಾಲು ಬಗ್ಗಿಸು. ಮೊಣಕಾಲು ಬಗ್ಗಿಸಿ, ಭಾರವನ್ನು ಒಂದು ಕಾಲಿಂದ ಇನ್ನೊಂದಕ್ಕೆ ಸರಿಸಿದರೆ ಸೊಂಟ ತಾನೇ ತೂಗುತ್ತದೆ. ನಿಮ್ಮ ಮಕ್ಕಳ ಅರೆಮಂಡಿ ನೆನಪು ಮಾಡಿಕೊಳ್ಳಿ, ಅಷ್ಟು ಅಗಲ ಇಲ್ಲ, ಆದರೆ ನೋವು ಅದೇ ತೊಡೆಗೆ. ಮೊದಲ ಹೆಜ್ಜೆ ಕಾಹೋಲೋ, ಪಕ್ಕಕ್ಕೆ ನಾಲ್ಕು ಎಣಿಕೆಯ ನಡೆ. ಆಮೇಲೆ ಹೆಲಾ, ಒಂದು ಪಾದ ಓರೆಯಾಗಿ ಮುಂದೆ ಚಾಚಿ ಹಿಂದಕ್ಕೆ ತರುವುದು. ಉವೆಹೆ ಅಂತ ಹಿಮ್ಮಡಿ ಎತ್ತಿ ಮೊಣಕಾಲು ಹೊರಕ್ಕೆ ತಳ್ಳುವುದೊಂದಿದೆ, ಅದು ಬರಲು ಮಗಳಿಗೆ ಒಂದು ವರ್ಷ ಹಿಡಿಯಿತು. ಕೈ ಹೋದ ಕಡೆ ಕಣ್ಣು ಹೋಗಬೇಕು. ಇದನ್ನು ಕೇಳಿದಾಗ ನನಗೆ ನಗು ಬಂತು, ನಮ್ಮ ಭರತನಾಟ್ಯದ ಗುರುಗಳು ಮೊದಲ ದಿನ ಹೇಳಿಕೊಡುವ ಶ್ಲೋಕವೂ ಅದನ್ನೇ ಹೇಳುತ್ತದಲ್ವಾ?

ಕುಮು ಕುಣಿಯುವುದಿಲ್ಲ. ನೆಲದಲ್ಲಿ ಕೂತು ಬಾರಿಸುತ್ತಾ ಹಾಡುತ್ತಾರೆ, ಕುಣಿಸುತ್ತಾರೆ. ಯಕ್ಷಗಾನದ ಭಾಗವತರ ಹಾಗೆ ಅಂದರೆ ನಿಮಗೆ ಬೇಗ ಅರ್ಥವಾಗುತ್ತದೆ. ವಾದ್ಯ ಅಂದರೆ ಎರಡು ಸೋರೆಬುರುಡೆ ಒಂದರ ಮೇಲೊಂದು ಅಂಟಿಸಿದ್ದು. ಅದನ್ನು ನೆಲದ ಮೆತ್ತೆಗೆ ಕುಟ್ಟಿದರೆ ಒಂದು ಆಳದ ಸದ್ದು, ಅದಕ್ಕೆ ಊ ಅಂತ ಹೆಸರು. ಪಕ್ಕೆಗೆ ಬೆರಳಿಂದ ಹೊಡೆದರೆ ಚುರುಕು ಸದ್ದು, ಅದಕ್ಕೆ ತೇ. ಊ ತೇ ತೇ ಅಂತ ಮಕ್ಕಳು ಬಾಯಲ್ಲೇ ತಾಳ ಹೇಳುತ್ತವೆ. ಮಕ್ಕಳ ಕೈಗೂ ವಾದ್ಯ ಕೊಡುತ್ತಾರೆ. ಪೂಇಲಿ ಅಂದರೆ ಸೀಳಿದ ಬಿದಿರು, ಉಲಿಉಲಿ ಅಂದರೆ ಒಳಗೆ ಬೀಜ ಹಾಕಿ ಗರಿ ಕಟ್ಟಿದ ಗಿಲಕಿ. ನನ್ನ ಮೆಚ್ಚಿನದು ಇಲಿಇಲಿ. ಹೆಸರು ಕೇಳಿ ನಗಬೇಡಿ, ಅದು ನುಣುಪಾದ ಹೊಳೆಗಲ್ಲು, ಒಂದೊಂದು ಕೈಯಲ್ಲಿ ಎರಡೆರಡು ಹಿಡಿದು ಬೆರಳಲ್ಲೇ ಟಕಟಕ ಅನ್ನಿಸಬೇಕು. ಮಗಳು ಅದನ್ನು ಊಟದ ಮೇಜಿನ ಮೇಲೆ, ಬಸ್ಸಲ್ಲಿ, ಬಚ್ಚಲಲ್ಲಿ ಎಲ್ಲ ಕಡೆ ಮಾಡಿ ನನ್ನ ತಲೆ ತಿಂದಳು. ಹೀಗೆ ಬುರುಡೆ, ಕಲ್ಲು, ಬಿದಿರು, ಓಲಿಯ ಜೊತೆ ಆಡುವ ಹಳೆಯದಕ್ಕೆ ಕಾಹಿಕೋ ಅಂತಾರೆ. ಉಕುಲೆಲೆ ಅನ್ನುವ ನಾಲ್ಕು ತಂತಿಯ ಪುಟ್ಟ ವಾದ್ಯ, ಗಿಟಾರು, ಇವುಗಳ ಜೊತೆ ಆಡುವ ಹೊಸತಿಗೆ ಔವಾನ. ಸಿನಿಮಾದಲ್ಲಿ ನೋಡುವುದು ಜಾಸ್ತಿ ಎರಡನೆಯದು.

ಗಿಟಾರ್ ಅಂದ ತಕ್ಷಣ ಒಂದು ಅಡ್ಡಮಾತು. ತಂತಿಯ ಮೇಲೆ ಉಕ್ಕಿನ ಸರಳು ಜಾರಿಸಿ ನುಡಿಸುವ ಹವಾಯಿಯನ್ ಗಿಟಾರ್ ನಮ್ಮ ದೇಶದಲ್ಲಿ ಬೇರೂರಲು ದೊಡ್ಡ ಕಾರಣ ಟೌ ಮೋ ಅನ್ನುವ ವಾದಕ. ಅವರು 1940ರ ದಶಕದಲ್ಲಿ ಸಂಸಾರ ಸಮೇತ ಕಲ್ಕತ್ತೆಯಲ್ಲಿದ್ದರು. ವಿಶ್ವಮೋಹನ ಭಟ್ಟರ ಮೋಹನ ವೀಣೆಗೂ ಆ ಗಿಟಾರೇ ಪೂರ್ವಜ. ಚಪ್ಪಲಿಗಿಂತ ಇದು ಒಳ್ಳೆಯ ನಂಟು, ಏನಂತೀರಿ?

ಇಷ್ಟು ಕಟ್ಟುನಿಟ್ಟು ಯಾಕೆ ಅಂತ ನಾನು ಒಮ್ಮೆ ಕುಮು ಅವರನ್ನೇ ಕೇಳಿದೆ. ಮಕ್ಕಳು ಆಡಿಕೊಂಡು ಕಲಿಯಲಿ ಬಿಡಿ ಅಂದೆ. ಅವರು ಉತ್ತರ ಕೊಡಲಿಲ್ಲ, ತಮ್ಮ ಅಜ್ಜಿಯ ಕಥೆ ಹೇಳಿದರು. ಆ ಅಜ್ಜಿ ಶಾಲೆಯಲ್ಲಿ ಹವಾಯಿ ಭಾಷೆ ಆಡಿ ಏಟು ತಿಂದವರು, ಅದಕ್ಕೇ ತಮ್ಮ ಮಕ್ಕಳಿಗೆ ಆ ಭಾಷೆ ಕಲಿಸಲೇ ಇಲ್ಲವಂತೆ. ಆ ಕಥೆ ಹಿಡಿದು ನಾನು ಹಿಂದಕ್ಕೆ ಓದುತ್ತಾ ಹೋದೆ.

1820ರಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡಿನಿಂದ ಮಿಷನರಿಗಳು ಬಂದರು. ಹುಲಾ ನೋಡಿ ಅವರಿಗೆ ಅಸಹ್ಯವಾಯಿತು. ಹತ್ತು ವರ್ಷದಲ್ಲಿ, 1830ಕ್ಕೆ, ಹೊಸ ಮತಕ್ಕೆ ಸೇರಿದ್ದ ರಾಣಿ ಕಾಅಹುಮಾನು ಜನರ ಮುಂದೆ ಹುಲಾ ಆಡಕೂಡದು ಅಂತ ಆಜ್ಞೆ ಮಾಡಿದಳು. 1850ರ ದಶಕದಲ್ಲಿ ಆಡುವುದಿದ್ದರೆ ದುಡ್ಡು ಕಟ್ಟಿ ಲೈಸೆನ್ಸು ತೆಗೆದುಕೊಳ್ಳಬೇಕಾಯಿತು. ಹಳ್ಳಿಗಳಲ್ಲಿ, ಮನೆಗಳ ಹಿಂದೆ, ಕುಟುಂಬಗಳ ಒಳಗೆ ಅದು ಉಳಿಯಿತು. ಕಲಾಕೌವಾ ಅನ್ನುವ ರಾಜ 1883ರಲ್ಲಿ ತನ್ನ ಪಟ್ಟಾಭಿಷೇಕದ ಹಬ್ಬದಲ್ಲಿ ಅರಮನೆ ಅಂಗಳದಲ್ಲೇ ಹುಲಾ ಆಡಿಸಿದ. ಊರಿನ ದೊಡ್ಡವರು ಛೀ ಅಂದರು, ಅವನು ಕೇಳಲಿಲ್ಲ. ಈ ರಾಜ ಅದಕ್ಕೆ ಎರಡು ವರ್ಷ ಮೊದಲು ಲೋಕ ಸುತ್ತಲು ಹೊರಟು ಕಲ್ಕತ್ತೆಗೂ ಬೊಂಬಾಯಿಗೂ ಬಂದಿದ್ದನಂತೆ. ಭೂಮಿ ಸುತ್ತಿ ಬಂದ ಮೊದಲ ರಾಜ ಅವನೇ.

ಅವನ ತಂಗಿ ರಾಣಿ ಲಿಲಿಉಒಕಲಾನಿಯನ್ನು 1893ರಲ್ಲಿ ಇಳಿಸಿದರು. ಅಮೆರಿಕದ ವ್ಯಾಪಾರಿಗಳು, ಸಕ್ಕರೆ ತೋಟದವರು ಮುಂದೆ, ಅಮೆರಿಕದ ನೌಕಾಸೈನಿಕರು ಬೆನ್ನಿಗೆ. 1896ರಲ್ಲಿ ಶಾಲೆಗಳಲ್ಲಿ ಇಂಗ್ಲಿಷೇ ಮಾಧ್ಯಮ ಅಂತ ಕಾನೂನು ಬಂತು, 1898ರಲ್ಲಿ ದೇಶವೇ ಅಮೆರಿಕಕ್ಕೆ ಸೇರಿತು. ಆಮೇಲಿನ ಎರಡು ತಲೆಮಾರಿನಲ್ಲಿ ಮನೆಯಲ್ಲಿ ಮಾತು ನಿಂತಿತು. 1980ರ ದಶಕದ ಶುರುವಿಗೆ ಹವಾಯಿ ಭಾಷೆ ಚೆನ್ನಾಗಿ ಆಡುವ ಮಕ್ಕಳು ಐವತ್ತೂ ಇರಲಿಲ್ಲ ಅಂತ ಲೆಕ್ಕ ಹೇಳುತ್ತಾರೆ. ಯೋಚಿಸಿ, ಒಂದು ಭಾಷೆಯ ಮಕ್ಕಳೆಲ್ಲ ಒಂದೇ ಬಸ್ಸಲ್ಲಿ ಹಿಡಿಸುವಷ್ಟು.

1978ರಲ್ಲಿ ಹವಾಯಿ ಭಾಷೆ ರಾಜ್ಯದ ಅಧಿಕೃತ ಭಾಷೆಯಾಯಿತು. ಮಾವೊರಿಗಳು 1982ರಲ್ಲಿ ತಮ್ಮ ಭಾಷೆಗೆ ಶುರು ಮಾಡಿದ ಶಿಶುವಿಹಾರಗಳನ್ನು ನೋಡಿ, 1984ರಲ್ಲಿ ಕೌವಾಯಿ ದ್ವೀಪದಲ್ಲಿ ಪೂನಾನಾ ಲೆಓ ಅನ್ನುವ ಶಿಶುವಿಹಾರ ತೆರೆದರು. ಅಂದರೆ ದನಿಗಳ ಗೂಡು. ಎಂಥ ಹೆಸರು! ಆದರೆ ಅಲ್ಲಿ ಕಲಿಸಲು ಮಾತು ಎಲ್ಲಿ ಉಳಿದಿತ್ತು? ನಿಯಿಹೌ ಅನ್ನುವ ಪುಟ್ಟ ದ್ವೀಪದ ಜನರಲ್ಲಿ, ಮುದುಕರಲ್ಲಿ, ಹಳೆಯ ಪತ್ರಿಕೆಗಳಲ್ಲಿ, ಮತ್ತೆ ಹುಲಾದ ಹಾಡುಗಳಲ್ಲಿ. ಅರ್ಥ ಗೊತ್ತಿಲ್ಲದೆಯೂ ಉಚ್ಚಾರ ಕೆಡದ ಹಾಗೆ ಬಾಯಿಪಾಠ ಮಾಡಿ ಉಳಿಸಿದವರೂ ಇದ್ದರು. ನನ್ನ ಮಗಳ ಕುಮು ಬಾಗಿಲಲ್ಲಿ ಉತ್ತರ ಕೊಡದೆ ಕೂರುತ್ತಿದ್ದದ್ದು ಇದಕ್ಕೇ ಅಂತ ನನಗೆ ಅನ್ನಿಸುತ್ತದೆ. ಒಂದು ದೀರ್ಘ ಬಿಟ್ಟರೆ ಅವರಿಗೆ ಅದು ಸಣ್ಣ ತಪ್ಪಲ್ಲ.

ಇದರ ಎದುರಿಗೆ ಇನ್ನೊಂದು ಹುಲಾ ಬೆಳೆಯಿತು, ಪ್ರವಾಸಿಗಳದು. 1937ರಿಂದ 2002ರ ತನಕ ವೈಕೀಕಿಯಲ್ಲಿ ಕ್ಯಾಮೆರಾ ರೀಲಿನ ಕೊಡಾಕ್ ಕಂಪನಿ ಶುರು ಮಾಡಿದ ಕೊಡಾಕ್ ಹುಲಾ ಶೋ ಅಂತ ನಡೆಯಿತು. ಟಿಕೆಟ್ ಇಲ್ಲ, ಹಗಲು ಹೊತ್ತು, ಯಾಕೆಂದರೆ ಫೋಟೊ ಚೆನ್ನಾಗಿ ಬರಬೇಕು, ರೀಲು ಮಾರಾಟವಾಗಬೇಕು. ಹುಡುಗಿಯರು ಒಂದೊಂದು ಅಕ್ಷರ ಹಿಡಿದು ಊರಿನ ಹೆಸರು ಜೋಡಿಸಿ ನಿಲ್ಲುತ್ತಿದ್ದರು. ಅದನ್ನು ಬರೀ ಬೈಯಲು ನನಗೆ ಮನಸ್ಸಿಲ್ಲ. ಆ ಕೆಲಸದಿಂದ ಎಷ್ಟೋ ಸಂಸಾರ ಉಂಡಿವೆ, ಒಳ್ಳೆ ಕಲಾವಿದರೂ ಅಲ್ಲಿ ಆಡಿದ್ದಾರೆ. ಆದರೆ ಆ ಶೋ ನೋಡಿ ಬಂದವರು ಊರಿಗೆ ಹೋಗಿ ಮಕ್ಕಳಿಗೆ ಕಲಿಸಿದ್ದು ಅಕ್ಷರ ಹಿಡಿದ ಹುಡುಗಿಯ ನಗುವನ್ನು, ಹಾಡಿನ ಮಾತನ್ನಲ್ಲ. ನಾನು ಕ್ಯಾಲಿಫೋರ್ನಿಯಾದಲ್ಲಿ ದುಡ್ಡು ಕೊಟ್ಟು ಕೊಂಡದ್ದು ಅದರ ಮೊಮ್ಮಗುವನ್ನು.

ಸ್ಪರ್ಧೆಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಹಿಲೋದಲ್ಲಿ ಈಸ್ಟರ್ ಕಳೆದ ವಾರ ಮೆರ್ರಿ ಮೊನಾರ್ಕ್ ಹಬ್ಬ ನಡೆಯುತ್ತದೆ. ಆ ಮೋಜುಗಾರ ಮಹಾರಾಜ ಕಲಾಕೌವಾನ ಹೆಸರಲ್ಲೇ. 1963ರಲ್ಲಿ ಶುರು, 1971ರಿಂದ ಹುಲಾ ಸ್ಪರ್ಧೆ. ನಡೆಯುವುದು ಈಡಿತ್ ಕಾನಕಾಓಲೆ ಅನ್ನುವ ದೊಡ್ಡ ಕುಮು ಹೆಸರಿನ ಕ್ರೀಡಾಂಗಣದಲ್ಲಿ. 2023ರಲ್ಲಿ ಅಮೆರಿಕ ಅವರ ಮುಖವನ್ನು ಕ್ವಾರ್ಟರ್, ಅಂದರೆ ಕಾಲು ಡಾಲರ್ ನಾಣ್ಯದ ಮೇಲೆ ಅಚ್ಚು ಹಾಕಿತು. ಮಕ್ಕಳಿಗೇ ಅಂತ ಹೊನೊಲುಲುವಿನಲ್ಲಿ ರಾಣಿ ಲಿಲಿಉಒಕಲಾನಿ ಹೆಸರಿನ ಕೇಕಿ ಹುಲಾ ಸ್ಪರ್ಧೆ 1976ರಿಂದ ಇದೆ. ನಮ್ಮ ಮಕ್ಕಳು ಹೋಗಲಿಲ್ಲ, ಕುಮು ಒಲ್ಲೆ ಅಂದರು. ನನಗೂ ಸಮಾಧಾನವೇ ಆಯಿತು. ಟಿವಿ ರಿಯಾಲಿಟಿ ಶೋಗಳಲ್ಲಿ ಅಳುವ ಮಕ್ಕಳನ್ನು ನೋಡಿ ನೋಡಿ ನನಗೆ ಸ್ಪರ್ಧೆ ಅಂದರೇ ಒಗ್ಗುವುದಿಲ್ಲ. ಹೋದವರು ಚೆನ್ನಾಗಿತ್ತು ಅಂದರು, ಅದೂ ನಿಜ ಇರಬಹುದು.

ಅಮ್ಮಂದಿರ ಕೆಲಸ ಹೇಳದೆ ಬಿಟ್ಟರೆ ನನ್ನ ಕೈಗೆ ಅನ್ಯಾಯ. ಪ್ರದರ್ಶನದ ಹಿಂದಿನ ರಾತ್ರಿ ಲೇ ಕಟ್ಟಬೇಕು. ಲೇ ಅಂದರೆ ಹಾರ. ಟೀ ಅನ್ನುವ ಗಿಡದ ಉದ್ದ ಎಲೆ, ಕುಡಿಯುವ ಟೀಗೂ ಅದಕ್ಕೂ ಸಂಬಂಧ ಇಲ್ಲ. ಎಲೆಯ ನಡುನರ ಸೀಳಿ ತೆಗೆದು, ಫ್ರೀಜರಿನಲ್ಲಿ ಇಟ್ಟು ಮೆತ್ತಗೆ ಮಾಡುತ್ತಾರೆ, ಅವಸರ ಇದ್ದರೆ ಇಸ್ತ್ರಿಪೆಟ್ಟಿಗೆ ಒತ್ತುತ್ತಾರೆ. ಆಮೇಲೆ ಒಂದು ತುದಿಯನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿ ಹುರಿ ಹೊಸೆದ ಹಾಗೆ ಹೊಸೆಯಬೇಕು. ನಾನು ಹೆಬ್ಬೆರಳಿಗೆ ಸಿಕ್ಕಿಸಿ ಸರಸರ ಹೊಸೆದದ್ದು ನೋಡಿ ಅವರಿಗೆ ಆಶ್ಚರ್ಯ. ಬಾಳೆನಾರಲ್ಲಿ ಮಲ್ಲಿಗೆ ಕಟ್ಟುತ್ತಾ ಬೆಳೆದವಳು ನಾನು, ಅಷ್ಟು ಬಾರದೇ ಇರುತ್ತಾ? ಆ ರಾತ್ರಿಯಿಂದ ನಾನು ಆ ಗುಂಪಿಗೆ ಹೊರಗಿನವಳಾಗಿ ಉಳಿಯಲಿಲ್ಲ. ಲೆಹುವಾ ಹೂವು ಮಾತ್ರ ಮುಟ್ಟುವ ಹಾಗಿರಲಿಲ್ಲ. ಅದು ಬಿಡುವ ಓಹಿಯಾ ಮರಗಳಿಗೆ ಒಂದು ಬೂಷ್ಟು ರೋಗ ಬಂದು ಕಾಡಿಗೆ ಕಾಡೇ ಒಣಗುತ್ತಿದೆ, ಗಾಯ ಆದ ಕಡೆ ರೋಗ ಹತ್ತುತ್ತದೆ, ಅದಕ್ಕೆ ಕೀಳಬೇಡಿ ಅಂತ ಹಾಲೌಗಳೇ ತೀರ್ಮಾನ ಮಾಡಿವೆ. ಹುಲಾದ ಅರ್ಧ ಹಾಡುಗಳಲ್ಲಿ ಬರುವ ಹೂವು ಅದು.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆ ಬಂದವು.

ಗಂಡುಮಕ್ಕಳು ಕಲಿಯಬಹುದಾ ಅಂತ ಒಬ್ಬ ತಂದೆ ಕೇಳಿದರು. ಖಂಡಿತ. ಹಿಂದೆ ಗಂಡಸರೂ ಆಡುತ್ತಿದ್ದರು. ಹೆಂಗಸರದ್ದು ಮಾತ್ರ ಅನ್ನಿಸಿದ್ದು ಪ್ರವಾಸಿ ಹುಲಾದಿಂದ. 1970ರ ದಶಕದಲ್ಲಿ ಗಂಡಸರ ಹಾಲೌಗಳು ಮತ್ತೆ ಎದ್ದವು. ಮಗಳ ತರಗತಿಯಲ್ಲಿ ಹನ್ನೆರಡರಲ್ಲಿ ನಾಲ್ವರು ಹುಡುಗರು, ಅವರಲ್ಲಿ ಇಬ್ಬರು ಶಾಲೆಯ ಫುಟ್‌ಬಾಲ್ ತಂಡದವರು.

ಇಲ್ಲೂ ಯೂಟ್ಯೂಬ್ ನೋಡಿ ಮಕ್ಕಳಿಗೆ ಕಲಿಸಬಹುದಲ್ಲಾ ಮೇಡಂ, ಸ್ಕೂಲ್ ಡೇಗೆ ಚೆನ್ನಾಗಿರುತ್ತೆ ಅಂತ ಒಬ್ಬ ಟೀಚರ್ ಕೇಳಿದರು. ಬೇಡ ಅಂದೆ. ಅವರಿಗೆ ಬೇಜಾರಾಯಿತು, ನನಗೂ ಆಯಿತು. ಆದರೆ ಅದು ಬೇಡವೇ. ಹುಲ್ಲಿನ ಲಂಗ ತೊಡಿಸಿ, ಅರ್ಥ ಗೊತ್ತಿಲ್ಲದ ಹಾಡಿಗೆ ಕೈ ಆಡಿಸಿದರೆ ಮಕ್ಕಳು ಕಲಿತದ್ದು ಏನು? ಡೊಳ್ಳು ಕಲಿಸಿ, ಕೋಲಾಟ ಕಲಿಸಿ, ಹೇಳಿಕೊಡುವವರು ಪಕ್ಕದ ಊರಲ್ಲೇ ಇದ್ದಾರೆ.

ಹಾಗಾದರೆ ನಿಮ್ಮ ಮಗಳು ಯಾಕೆ ಕಲಿತಳು, ಅವಳೂ ಹೊರಗಿನವಳೇ ಅಲ್ವಾ ಅಂತ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೇಳಿದಳು. ಒಳ್ಳೆ ಪ್ರಶ್ನೆ. ನಾನೂ ಅದನ್ನೇ ಕುಮು ಅವರನ್ನು ಕೇಳಿದ್ದೆ. ಇವಳು ಬಾಗಿಲಲ್ಲಿ ನಿಂತು ಕೇಳಿದಳಲ್ಲ, ನಾನು ಒಳಗೆ ಕರೆದೆನಲ್ಲ ಅಂದರು. ಅವರ ಉತ್ತರ ಅಷ್ಟೇ ಇತ್ತು.

ಕೊನೆಗೆ ಸಂಘಟಕರು ಮಗಳು ಒಂದು ಹಾಡು ಆಡಲಿ ಅಂದರು. ಅವಳಿಗೆ ಈಗ ಹನ್ನೆರಡು, ಹಿಂದೆ ಕೂತಿದ್ದಳು. ಕುಮು ಅವರನ್ನು ಕೇಳದೆ ಹೊರಗೆ ಆಡುವ ಹಾಗಿಲ್ಲ ಅಂದಳು. ಮೆಸೇಜು ಹಾಕಿದಳು. ಹವಾಯಿ ನಮಗಿಂತ ಹದಿನೈದೂವರೆ ಗಂಟೆ ಹಿಂದೆ, ಅಲ್ಲಿ ಶನಿವಾರ ರಾತ್ರಿ ಎಂಟೂವರೆ, ಅವರು ಬೇಗ ಮಲಗುವವರು. ಉತ್ತರ ಬರಲಿಲ್ಲ. ಸಭೆ ಮುಗಿಯಿತು, ಎಲ್ಲರೂ ಚಪ್ಪಲಿ ಮೆಟ್ಟಿಕೊಂಡು ಹೋದರು, ಇಬ್ಬರದು ಅದಲು ಬದಲಾಯಿತಂತೆ.

ಉತ್ತರ ಬಂದದ್ದು ರಾತ್ರಿ. ಆಡು, ಟುವಾಹಿನೆ ಬರುವ ಹಾಡು ಆಡು, ನಿಮ್ಮಲ್ಲೂ ಮಳೆ ಇರುವುದಲ್ಲ ಅಂತ. ಬೆಳಗ್ಗೆ ತೀರ್ಥಹಳ್ಳಿ ಮನೆಯ ಹಿಂದಿನ ಜಗುಲಿಯಲ್ಲಿ ಮಗಳು ಆಡಿದಳು. ನೋಡಿದ್ದು ನಾನು, ನಮ್ಮಮ್ಮ, ಒಂದು ನಾಯಿ. ಸೋರೆಬುರುಡೆ ಇರಲಿಲ್ಲ, ನಾನು ತಲೆಕೆಳಗಾದ ಕೊಳದಪ್ಪಲೆ ಬಾರಿಸಿದೆ. ಅವಳು ಕೈ ಮೇಲೆತ್ತಿ, ಬೆರಳು ಆಡಿಸುತ್ತಾ ಕೆಳಗೆ ತಂದಳು.

ಮಳೆ ಅಲ್ವಾ ಅದು, ಅಂದರು ನಮ್ಮಮ್ಮ.

ಹೂಂ ಅಜ್ಜಿ.

ಯಾವ ಮಳೆ?

ಮಗಳು ನನ್ನ ಮುಖ ನೋಡಿದಳು. ಆಮೇಲೆ ಅಜ್ಜಿಯ ಪಕ್ಕ ಕೂತು, ಮಾನೋವ ಎಲ್ಲಿದೆ, ಬೆಟ್ಟ ಎಷ್ಟು ಎತ್ತರ, ಬಿಸಿಲಿರುವಾಗಲೇ ಸಣ್ಣಗೆ ಬರುವ ಆ ಮಳೆ ಹೇಗಿರುತ್ತದೆ ಅಂತ ಅರ್ಧ ಕನ್ನಡದಲ್ಲಿ ಅರ್ಧ ಕೈಯಲ್ಲಿ ಹೇಳತೊಡಗಿದಳು. ಒಳಗೆ ಹಾಲು ಉಕ್ಕಿದ ವಾಸನೆ ಬಂತು. ನಾನೇ ಎದ್ದು ಹೋದೆ.